ಎಂಟು ಓಂ ಸ್ಪೀಕರ್, ಐದು ಸಾವಿರ ಓಂ ಬೇಡುವ ವಾಲ್ವ್

ದ್ವಿತೀಯ ಪಿಯುಸಿಯಲ್ಲಿ ಟ್ರಾನ್ಸ್‌ಫಾರ್ಮರ್ ಪಾಠ ಮುಗಿಯುವ ಹೊತ್ತಿಗೆ ಎಲ್ಲರಿಗೂ ಒಂದು ಸೂತ್ರ ಬಾಯಿಗೆ ಬಂದಿರುತ್ತದೆ: ಪ್ರೈಮರಿ ಮತ್ತು ಸೆಕೆಂಡರಿ ವೋಲ್ಟೇಜ್‌ಗಳ ಅನುಪಾತ ಅವುಗಳ ಸುತ್ತುಗಳ ಅನುಪಾತಕ್ಕೆ ಸಮ. 230 ವೋಲ್ಟನ್ನು 12 ವೋಲ್ಟಿಗೆ ಇಳಿಸುವ ಲೆಕ್ಕ ಮಾಡಿ, ಅಂಕ ಗಳಿಸಿ, ಮುಂದಿನ ಪಾಠಕ್ಕೆ ಹೋಗುತ್ತೇವೆ. ಟ್ರಾನ್ಸ್‌ಫಾರ್ಮರ್ ವೋಲ್ಟುಗಳನ್ನಷ್ಟೇ ಅಲ್ಲ, ಓಂಗಳನ್ನೂ ಬದಲಾಯಿಸುತ್ತದೆ ಎಂಬುದು ಹೆಚ್ಚಿನವರ ಗಮನಕ್ಕೆ ಬರುವುದೇ ಇಲ್ಲ. ವಾಲ್ವ್ ಆಂಪ್ಲಿಫೈಯರ್ ಕಟ್ಟಲು ಹೊರಟವರಿಗೆ ಮಾತ್ರ ಇದೇ ಮೊದಲ ಪಾಠ.

ಸೆಮಿಕಂಡಕ್ಟರ್ ಬಂದು ಇಷ್ಟು ದಶಕಗಳಾದರೂ ಎಲೆಕ್ಟ್ರಿಕ್ ಗಿಟಾರ್ ನುಡಿಸುವವರು ವಾಲ್ವನ್ನು ಬಿಟ್ಟಿಲ್ಲ. ದನಿ ಏರಿಸಿದಾಗ ವಾಲ್ವ್ ಆಂಪ್ ಒಡೆಯುವ ರೀತಿ ಅವರ ಕಿವಿಗೆ ಇಷ್ಟ. ಹಾಗಾಗಿ ಮನೆಯಲ್ಲೇ ಒಂದನ್ನು ಕಟ್ಟಿಕೊಳ್ಳುವ ಹವ್ಯಾಸ ಜಗತ್ತಿನಾದ್ಯಂತ ಇದೆ. ಈ ಹವ್ಯಾಸಿಗಳು ಸಾಮಾನ್ಯವಾಗಿ ಮೊದಲು ಕಟ್ಟುವುದು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಲಿಯೋ ಫೆಂಡರ್ ಅವರ ಕಂಪನಿ 1950ರ ದಶಕದಲ್ಲಿ ತಂದ ಚಾಂಪ್ ಎಂಬ ಪುಟ್ಟ ಆಂಪನ್ನು. ಅದರ 5ಎಫ್1 ಎಂಬ ನಕ್ಷೆಯಲ್ಲಿ ಇರುವುದು ಮೂರೇ ವಾಲ್ವ್: ಮುಂದೆ ಒಂದು 12ಎಎಕ್ಸ್7, ಕೊನೆಯಲ್ಲಿ ಸ್ಪೀಕರಿಗೆ ಶಕ್ತಿ ಕೊಡುವ 6ವಿ6, ಜೊತೆಗೆ ರೆಕ್ಟಿಫೈಯರ್ ಆಗಿ 5ವೈ3. ಹೊರಬರುವ ಶಕ್ತಿ ಸುಮಾರು 5 ವ್ಯಾಟ್. ಒಂದು ಕೋಣೆಗೆ ಅದೇ ಹೆಚ್ಚು. ಈ ಲೇಖನದ ಲೆಕ್ಕಗಳಿಗೆಲ್ಲ ಈ 6ವಿ6 ವಾಲ್ವನ್ನೇ ಇಟ್ಟುಕೊಳ್ಳೋಣ.

ಗಿಟಾರಿನಲ್ಲಿ ಆಸಕ್ತಿ ಇಲ್ಲದವರೂ ಓದಬಹುದು. ಅಜ್ಜನ ಕಾಲದ ವಾಲ್ವ್ ರೇಡಿಯೋದಲ್ಲಿ ಇರುವುದೂ ಇದೇ ಟ್ರಾನ್ಸ್‌ಫಾರ್ಮರ್, ಮಸೀದಿಯ ಮಿನಾರಿನ ಮೇಲಿನ ಹಾರ್ನಿನ ಬಳಿ ಕೂತಿರುವುದೂ ಇದರ ಸೋದರನೇ.

ಒಂದು ಕಡೆ ಒತ್ತಡ, ಇನ್ನೊಂದು ಕಡೆ ಹರಿವು

ವಾಲ್ವಿನ ಸ್ವಭಾವ ನೋಡಿ. ಅದರ ಪ್ಲೇಟಿನಲ್ಲಿ ನೂರಾರು ವೋಲ್ಟ್ ಏರಿಳಿಯಬಲ್ಲದು, ಆದರೆ ಹರಿಯುವ ಕರೆಂಟ್ ಕೆಲವೇ ಹತ್ತು ಮಿಲಿಆಂಪಿಯರ್. ಸ್ಪೀಕರಿನ ಸ್ವಭಾವ ಇದಕ್ಕೆ ತದ್ವಿರುದ್ಧ. 8 ಓಂ ಸ್ಪೀಕರಿಗೆ 5 ವ್ಯಾಟ್ ಕೊಡಲು ಬೇಕಾದದ್ದು 6.3 ವೋಲ್ಟ್ ಮಾತ್ರ, ಆದರೆ ಕರೆಂಟ್ 0.79 ಆಂಪಿಯರ್ ಹರಿಯಬೇಕು. ಸ್ಪೀಕರನ್ನು ನೇರವಾಗಿ ಪ್ಲೇಟಿಗೆ ಕಟ್ಟಿದರೆ 32 ಮಿಲಿಆಂಪಿಯರ್ ಏರಿಳಿತಕ್ಕೆ ಸ್ಪೀಕರಿನಲ್ಲಿ ಸಿಗುವ ಶಕ್ತಿ ಒಂದು ವ್ಯಾಟಿನ ನೂರನೇ ಒಂದು ಭಾಗಕ್ಕಿಂತಲೂ ಕಡಿಮೆ.

ದೊಡ್ಡ ಬಂಡೆಯನ್ನು ಸನ್ನೆಗೋಲಿನಿಂದ ಮೀಟುವವರನ್ನು ನೆನಪಿಸಿಕೊಳ್ಳಿ. ಕೋಲಿನ ಉದ್ದದ ತುದಿಯಲ್ಲಿ ಕಡಿಮೆ ಬಲ, ಹೆಚ್ಚು ಚಲನೆ. ಗಿಡ್ಡ ತುದಿಯಲ್ಲಿ ಹೆಚ್ಚು ಬಲ, ಕಡಿಮೆ ಚಲನೆ. ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಇಂಥ ಸನ್ನೆಗೋಲು. ಸುತ್ತುಗಳ ಅನುಪಾತ 25 ಎಂದುಕೊಳ್ಳಿ. ವೋಲ್ಟೇಜ್ 25 ಪಟ್ಟು ಇಳಿಯುತ್ತದೆ, ಕರೆಂಟ್ 25 ಪಟ್ಟು ಏರುತ್ತದೆ. ಓಂ ಎಂದರೆ ವೋಲ್ಟೇಜನ್ನು ಕರೆಂಟಿನಿಂದ ಭಾಗಿಸಿದ್ದು ತಾನೇ? ಎರಡೂ ಬದಲಾದ ಕಾರಣ ಓಂ ಬದಲಾಗುವುದು 25ರ ವರ್ಗದಷ್ಟು, ಅಂದರೆ 625 ಪಟ್ಟು. 8 ಓಂ ಸ್ಪೀಕರ್ ಸೆಕೆಂಡರಿಯಲ್ಲಿ ಕೂತಿದ್ದರೆ, ಪ್ರೈಮರಿಯ ಕಡೆಯಿಂದ ನೋಡುವ ವಾಲ್ವಿಗೆ ಅದು 5000 ಓಂ ಆಗಿ ಕಾಣುತ್ತದೆ. ಈ ಅಂಕಿ ನೆನಪಿರಲಿ.

ಇದರಿಂದ ಒಂದು ಮುಖ್ಯ ಸಂಗತಿ ಹೊರಡುತ್ತದೆ. ಟ್ರಾನ್ಸ್‌ಫಾರ್ಮರಿಗೆ ತನ್ನದೇ ಆದ ಇಂಪೀಡೆನ್ಸ್ ಎಂಬುದಿಲ್ಲ, ಇರುವುದು ಅನುಪಾತ ಮಾತ್ರ. ಮೇಲೆ 5000 ಓಂ, ಕೆಳಗೆ 8 ಓಂ ಎಂದು ಚೀಟಿ ಅಂಟಿಸಿದ ಟ್ರಾನ್ಸ್‌ಫಾರ್ಮರಿಗೆ 4 ಓಂ ಸ್ಪೀಕರ್ ಕಟ್ಟಿದರೆ ವಾಲ್ವಿಗೆ ಕಾಣುವುದು 2500 ಓಂ. 16 ಓಂ ಕಟ್ಟಿದರೆ 10,000 ಓಂ. ಮಲ್ಟಿಮೀಟರಿನ ಓಂ ರೇಂಜಿನಲ್ಲಿ ಪ್ರೈಮರಿಯನ್ನು ಅಳೆದವರು ಬರೀ 200 ಅಥವಾ 300 ಓಂ ತೋರಿಸುತ್ತಿದೆ, ಅಂಗಡಿಯವನು ಮೋಸ ಮಾಡಿದ ಎಂದು ತಿಳಿಯುವುದುಂಟು. ಮೀಟರ್ ಅಳೆಯುವುದು ತಾಮ್ರದ ತಂತಿಯ ಡಿಸಿ ರೋಧವನ್ನು. 5000 ಓಂ ಇರುವುದು ಏಸಿ ಸಿಗ್ನಲ್ ಹರಿದಾಗ, ಸ್ಪೀಕರ್ ಕಟ್ಟಿದಾಗ ಮಾತ್ರ.

5000 ಏಕೆ?

ಇಲ್ಲಿ ಚೆನ್ನಾಗಿ ಓದುವ ವಿದ್ಯಾರ್ಥಿಗಳೇ ಹೆಚ್ಚು ಎಡವುತ್ತಾರೆ. ಗರಿಷ್ಠ ಶಕ್ತಿ ವರ್ಗಾವಣೆಯ ನಿಯಮದಂತೆ ಲೋಡ್ ರೋಧವು ಮೂಲದ ಒಳರೋಧಕ್ಕೆ ಸಮನಾಗಿರಬೇಕಲ್ಲವೇ? 6ವಿ6 ವಾಲ್ವಿನ ಒಳರೋಧ ಸುಮಾರು 50,000 ಓಂ. ಹಾಗಾದರೆ 50,000 ಓಂ ಲೋಡ್ ಕೊಡಬೇಕಲ್ಲವೇ?

ಕೊಡಬಾರದು. ಆ ನಿಯಮ ಮೂಲದ ವೋಲ್ಟೇಜಿಗಾಗಲಿ ಕರೆಂಟಿಗಾಗಲಿ ಮಿತಿ ಇಲ್ಲವೆಂದುಕೊಳ್ಳುತ್ತದೆ. ವಾಲ್ವಿಗೆ ಎರಡಕ್ಕೂ ಮಿತಿ ಇದೆ. 6ವಿ6 ವಾಲ್ವಿನ ಡೇಟಾಶೀಟ್ ತೆರೆದರೆ ಪ್ಲೇಟಿಗೆ 250 ವೋಲ್ಟ್, ಸಿಗ್ನಲ್ ಇಲ್ಲದಾಗ 45 ಮಿಲಿಆಂಪಿಯರ್, ಲೋಡ್ 5000 ಓಂ, ಹೊರಬರುವ ಶಕ್ತಿ 4.5 ವ್ಯಾಟ್ ಎಂದಿರುತ್ತದೆ. ಕರೆಂಟ್ ಹೆಚ್ಚೆಂದರೆ 45ರಿಂದ ಸೊನ್ನೆಗೆ ಇಳಿಯಬಹುದು, ಆಚೆಗೆ ಅದರ ಎರಡರಷ್ಟಕ್ಕೆ ಏರಬಹುದು. ವೋಲ್ಟೇಜ್ ಕೂಡ 250ರಿಂದ ಸೊನ್ನೆಯ ಹತ್ತಿರಕ್ಕೆ ಇಳಿಯಬಹುದು, ಅಷ್ಟೇ ಮೇಲಕ್ಕೆ ಏರಬಹುದು. ಎರಡೂ ಒಟ್ಟಿಗೇ ತಮ್ಮ ಮಿತಿ ಮುಟ್ಟಬೇಕಾದರೆ ಲೋಡ್ ಎಷ್ಟಿರಬೇಕು? 250 ವೋಲ್ಟನ್ನು 0.045 ಆಂಪಿಯರಿನಿಂದ ಭಾಗಿಸಿ, ಸುಮಾರು 5500 ಓಂ ಬರುತ್ತದೆ. ಡೇಟಾಶೀಟಿನ 5000 ಅಲ್ಲೇ ಪಕ್ಕದಲ್ಲಿದೆ. ಇಎಲ್84 ವಾಲ್ವಿಗೂ ಮಾಡಿ ನೋಡಿ: 250 ವೋಲ್ಟ್, 48 ಮಿಲಿಆಂಪಿಯರ್, ಭಾಗಿಸಿದರೆ 5200 ಓಂ. ತಯಾರಕರು ಕೊಟ್ಟ ಅಂಕಿಯೂ ಅದೇ. ಲೋಡ್ 50,000 ಓಂ ಆದರೆ ಕರೆಂಟ್ ಸ್ವಲ್ಪವೇ ಅಲುಗಾಡಿದರೂ ವೋಲ್ಟೇಜ್ ಗೋಡೆಗೆ ಬಡಿಯುತ್ತದೆ. ಲೋಡ್ 500 ಓಂ ಆದರೆ ಕರೆಂಟ್ ಮಿತಿ ಮುಟ್ಟಿದರೂ ವೋಲ್ಟೇಜ್ ಅಲುಗುವುದಿಲ್ಲ.

ಮೇಲಿನ ವಾಕ್ಯವೊಂದನ್ನು ಮತ್ತೆ ಓದಿ. 250 ವೋಲ್ಟ್ ಸಪ್ಲೈ ಇರುವಾಗ ಪ್ಲೇಟಿನ ವೋಲ್ಟೇಜ್ ಅದಕ್ಕಿಂತ ಮೇಲೇರಲು ಹೇಗೆ ಸಾಧ್ಯ? ಟ್ರಾನ್ಸ್‌ಫಾರ್ಮರ್ ಒಂದು ಇಂಡಕ್ಟರ್ ಕೂಡ. ಕರೆಂಟ್ ಕಡಿಮೆಯಾಗುವಾಗ ಅದು ವಿರೋಧಿಸುತ್ತ ಪ್ಲೇಟಿನ ತುದಿಯನ್ನು ಸಪ್ಲೈಗಿಂತ ಮೇಲಕ್ಕೆ ತಳ್ಳುತ್ತದೆ. ಲೆನ್ಸ್ ನಿಯಮವೇ. ಹೀಗಾಗಿ 250 ವೋಲ್ಟ್ ಸಪ್ಲೈನಲ್ಲೂ ಪ್ಲೇಟ್ 470 ವೋಲ್ಟ್ ಮುಟ್ಟುತ್ತದೆ. ಸುರುಳಿಯ ಇನ್ಸುಲೇಶನ್ ಆರಿಸುವಾಗ ನೋಡಬೇಕಾದ ಅಂಕಿ ಇದು, ಸಪ್ಲೈ ವೋಲ್ಟೇಜ್ ಅಲ್ಲ.

ಗುರುತಿಲ್ಲದ ಟ್ರಾನ್ಸ್‌ಫಾರ್ಮರ್ ಕೈಗೆ ಸಿಕ್ಕಾಗ

ಬೆಂಗಳೂರಿನ ಬಿಇಎಲ್ ಕಾರ್ಖಾನೆ ಒಂದು ಕಾಲದಲ್ಲಿ ಇಎಲ್84, ಇಸಿಸಿ83ರಂಥ ವಾಲ್ವ್‌ಗಳನ್ನು ತಯಾರಿಸುತ್ತಿತ್ತು. 12ಎಎಕ್ಸ್7 ಎಂಬುದು ಇಸಿಸಿ83ರ ಅಮೆರಿಕನ್ ಹೆಸರು ಅಷ್ಟೇ. ಆ ಕಾಲದ ರೇಡಿಯೋಗಳು ಇಂದಿಗೂ ನಮ್ಮ ಅಟ್ಟಗಳ ಮೇಲೂ ಗುಜರಿ ಅಂಗಡಿಗಳಲ್ಲೂ ಸಿಗುತ್ತವೆ. ಅವುಗಳ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಒಂದೇ ವಾಲ್ವಿಗೆಂದು ಮಾಡಿದ್ದು, ಹಾಗಾಗಿ ಚಾಂಪ್‌ನಂಥ ಆಂಪಿಗೆ ಹತ್ತಿರದ್ದು. ಆದರೆ ಚೀಟಿ ಇರುವುದಿಲ್ಲ. ಅನುಪಾತವನ್ನು ನಾವೇ ಅಳೆಯಬೇಕು.

ಮೊದಲು ಓಂ ಮೀಟರಿನಿಂದ ಸುರುಳಿಗಳನ್ನು ಗುರುತಿಸಿ. ನೂರಾರು ಓಂ ತೋರಿಸುವ ಸಣ್ಣ ತಂತಿಯ ಜೋಡಿ ಪ್ರೈಮರಿ. ಒಂದು ಓಂಗಿಂತ ಕಡಿಮೆ ತೋರಿಸುವ ದಪ್ಪ ತಂತಿಯದು ಸೆಕೆಂಡರಿ. ಅಮೆರಿಕದ ರೂಢಿಯಲ್ಲಿ ನೀಲಿ ಪ್ಲೇಟಿಗೆ, ಕೆಂಪು ಸಪ್ಲೈಗೆ, ಕಪ್ಪು ಮತ್ತು ಹಸಿರು ಸ್ಪೀಕರಿಗೆ. ನಮ್ಮ ವೈಂಡಿಂಗ್ ಅಂಗಡಿಗಳಲ್ಲಿ ಆ ದಿನ ಯಾವ ಬಣ್ಣದ ತಂತಿ ಇತ್ತೋ ಅದೇ ಬಣ್ಣ. ಬಣ್ಣ ನಂಬಬೇಡಿ, ಮೀಟರ್ ನಂಬಿ.

ಆಮೇಲೆ ಲ್ಯಾಬಿನ 12 ವೋಲ್ಟ್ ಏಸಿ ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರಿನ ಔಟ್‌ಪುಟ್ಟನ್ನು ಪ್ರೈಮರಿಗೆ ಕೊಟ್ಟು, ಸೆಕೆಂಡರಿಯಲ್ಲಿ ಎಷ್ಟು ಬರುತ್ತದೆ ನೋಡಿ. 12 ವೋಲ್ಟಿಗೆ 0.48 ವೋಲ್ಟ್ ಬಂದರೆ ಅನುಪಾತ 25. ವರ್ಗ ಮಾಡಿ 8ರಿಂದ ಗುಣಿಸಿದರೆ 5000. ಕೆಲಸ ಮುಗಿಯಿತು.

ಇದರಲ್ಲಿ ಎರಡು ಎಚ್ಚರಿಕೆ. ಅಗ್ಗದ ಹಳದಿ ಮಲ್ಟಿಮೀಟರ್‌ಗಳಲ್ಲಿ ಅತಿ ಕಡಿಮೆ ಏಸಿ ರೇಂಜ್ 200 ವೋಲ್ಟ್. ಅದು 0.48 ಅನ್ನು 0.4 ಎಂದೋ 0.5 ಎಂದೋ ತೋರಿಸುತ್ತದೆ. 0.4 ಎಂದು ನಂಬಿದರೆ ಲೆಕ್ಕ 7200 ಓಂ ಎನ್ನುತ್ತದೆ, 0.5 ಎಂದು ನಂಬಿದರೆ 4600 ಓಂ. ವರ್ಗ ಮಾಡುವುದರಿಂದ ಅಳತೆಯ ಸಣ್ಣ ದೋಷವೂ ಎರಡರಷ್ಟಾಗುತ್ತದೆ. ಸಣ್ಣ ಏಸಿ ರೇಂಜ್ ಇರುವ ಮೀಟರನ್ನೇ ಬಳಸಿ. ಎರಡನೆಯದು ಪ್ರಾಣದ ವಿಷಯ: 12 ವೋಲ್ಟನ್ನು ತಪ್ಪಿ ಸೆಕೆಂಡರಿಗೆ ಕೊಟ್ಟರೆ ಪ್ರೈಮರಿಯಲ್ಲಿ 300 ವೋಲ್ಟ್ ಎದ್ದು ನಿಲ್ಲುತ್ತದೆ. ಸುರುಳಿ ಗುರುತಿಸದೆ ವೋಲ್ಟೇಜ್ ಕೊಡಬೇಡಿ, ಗೋಡೆಯ ಪ್ಲಗ್ಗಿಗಂತೂ ಯಾವ ಕಾರಣಕ್ಕೂ ಹಾಕಬೇಡಿ.

ಕಬ್ಬಿಣದ ನಡುವೆ ಒಂದು ಹಾಳೆ ಕಾಗದ

ಅನುಪಾತ ತಿಳಿದ ಮೇಲೆ ಹುಡುಗರಿಗೆ ಹೊಳೆಯುವ ಉಪಾಯ ಇದು: ಅಂಗಡಿಯಲ್ಲಿ ಸಿಗುವ 230 ವೋಲ್ಟಿನಿಂದ 9 ವೋಲ್ಟಿನ ಸಣ್ಣ ಟ್ರಾನ್ಸ್‌ಫಾರ್ಮರಿನ ಅನುಪಾತ 25.5. ವರ್ಗ ಮಾಡಿ 8ರಿಂದ ಗುಣಿಸಿದರೆ 5200 ಓಂ. ಇಎಲ್84ಗೆ ಹೇಳಿ ಮಾಡಿಸಿದಂತಿದೆ! ಸಣ್ಣ ಟ್ರಾನ್ಸ್‌ಫಾರ್ಮರ್‌ಗಳಲ್ಲಿ ಬರೆದ 9 ವೋಲ್ಟ್ ಲೋಡ್ ಇರುವಾಗಿನದು, ಖಾಲಿ ಇದ್ದಾಗ ಅದಕ್ಕಿಂತ ಹೆಚ್ಚು ಬರುತ್ತದೆ, ಹಾಗಾಗಿ ನಿಜವಾದ ಅನುಪಾತ ಸ್ವಲ್ಪ ಕಡಿಮೆ. ಅದನ್ನು ಬಿಟ್ಟರೂ ಈ ಉಪಾಯ ಒಂಟಿ ವಾಲ್ವಿನ ಆಂಪಿನಲ್ಲಿ ಕೆಲಸ ಮಾಡುವುದಿಲ್ಲ. ಕಾರಣ ಅನುಪಾತದಲ್ಲಿಲ್ಲ, ಕಬ್ಬಿಣದಲ್ಲಿದೆ.

ಗೋಡೆಯ ಕರೆಂಟ್ ಶುದ್ಧ ಏಸಿ. ಅದು ಕಬ್ಬಿಣವನ್ನು ಒಮ್ಮೆ ಈ ದಿಕ್ಕಿಗೆ, ಒಮ್ಮೆ ಆ ದಿಕ್ಕಿಗೆ ಸಮವಾಗಿ ಕಾಂತೀಕರಿಸುತ್ತದೆ. ಒಂಟಿ ವಾಲ್ವಿನ ಆಂಪಿನಲ್ಲಿ ಸಿಗ್ನಲ್ ಇಲ್ಲದಾಗಲೂ ಪ್ರೈಮರಿಯಲ್ಲಿ 45 ಮಿಲಿಆಂಪಿಯರ್ ಡಿಸಿ ಒಂದೇ ದಿಕ್ಕಿನಲ್ಲಿ ಹರಿಯುತ್ತಿರುತ್ತದೆ. ಸಾವಿರಾರು ಸುತ್ತುಗಳಲ್ಲಿ ಹರಿಯುವ ಆ ಡಿಸಿ, ಕಬ್ಬಿಣವನ್ನು ಒಂದೇ ಕಡೆಗೆ ತುಂಬಿಸಿಬಿಡುತ್ತದೆ. ಕೊಡ ಮೊದಲೇ ತುಂಬಿದ್ದರೆ ಇನ್ನೆಷ್ಟು ಸುರಿದರೂ ಚೆಲ್ಲುತ್ತದೆ ತಾನೇ, ಹಾಗೆ. ಇದಕ್ಕೇ ಸ್ಯಾಚುರೇಶನ್ ಎನ್ನುವುದು. ಗಿಟಾರಿನ ಮಂದ್ರ ಸ್ವರಗಳು ಮೊದಲು ಸಾಯುತ್ತವೆ.

ಪರಿಹಾರ ಅತಿ ಸರಳ. ಮಾಮೂಲಿ ಟ್ರಾನ್ಸ್‌ಫಾರ್ಮರಿನಲ್ಲಿ ಇಂಗ್ಲಿಷಿನ ಇ ಮತ್ತು ಐ ಅಕ್ಷರದ ಆಕಾರದ ತಗಡುಗಳನ್ನು ಒಂದು ಈ ಕಡೆಯಿಂದ, ಒಂದು ಆ ಕಡೆಯಿಂದ ಹೆಣೆದು ಜೋಡಿಸುತ್ತಾರೆ, ಬಿರುಕೇ ಉಳಿಯುವುದಿಲ್ಲ. ಒಂಟಿ ವಾಲ್ವಿನದರಲ್ಲಿ ಇ ತಗಡುಗಳೆಲ್ಲ ಒಂದೇ ಕಡೆ, ಐ ತಗಡುಗಳೆಲ್ಲ ಇನ್ನೊಂದು ಕಡೆ. ನಡುವೆ ಒಂದು ತೆಳು ಕಾಗದ. ಕಾಂತಕ್ಷೇತ್ರದ ದೃಷ್ಟಿಯಲ್ಲಿ ಕಾಗದವೂ ಗಾಳಿಯೂ ಒಂದೇ. ಆ ಸಣ್ಣ ಅಂತರ ಕಬ್ಬಿಣ ಬೇಗ ತುಂಬದಂತೆ ತಡೆಯುತ್ತದೆ. ಬದಲಿಗೆ ಇಂಡಕ್ಟನ್ಸ್ ಸ್ವಲ್ಪ ಕಡಿಮೆಯಾಗುತ್ತದೆ, ಅದನ್ನು ಹೆಚ್ಚು ಸುತ್ತು ಹಾಕಿ ಸರಿದೂಗಿಸಬೇಕು.

ಇಂಡಕ್ಟನ್ಸ್ ಎಷ್ಟಿರಬೇಕು ಎಂಬುದನ್ನು ಗಿಟಾರೇ ಹೇಳುತ್ತದೆ. ಗಿಟಾರಿನ ಅತಿ ದಪ್ಪ ತಂತಿಯ ಕಂಪನ 82 ಹರ್ಟ್ಸ್. ಆ ಆವರ್ತನದಲ್ಲಿ ಪ್ರೈಮರಿಯ ಇಂಡಕ್ಟಿವ್ ರಿಯಾಕ್ಟನ್ಸ್ ಕನಿಷ್ಠ ಲೋಡಿನಷ್ಟು, ಅಂದರೆ 5000 ಓಂ ಇರಬೇಕು. 5000ವನ್ನು 2 ಪೈ ಗುಣಿಸು 82ರಿಂದ ಭಾಗಿಸಿದರೆ ಸುಮಾರು 10 ಹೆನ್ರಿ. ಹೈ ಫೈ ಸಂಗೀತಕ್ಕೆ 20 ಹರ್ಟ್ಸ್‌ವರೆಗೆ ಇಳಿಯಬೇಕು, ಆಗ ಇದರ ನಾಲ್ಕು ಪಟ್ಟು ಬೇಕು, ಟ್ರಾನ್ಸ್‌ಫಾರ್ಮರ್ ಇಟ್ಟಿಗೆಯಂತಾಗುತ್ತದೆ. ಗಿಟಾರಿಗೆ ಅಷ್ಟು ದುಡ್ಡು ಸುರಿಯುವುದು ನನ್ನ ಅಭಿಪ್ರಾಯದಲ್ಲಿ ವ್ಯರ್ಥ.

ಹೊರದೇಶದಿಂದ ತರಿಸುವ ಬದಲು ಊರಿನ ವೈಂಡಿಂಗ್ ಅಂಗಡಿಯಲ್ಲೇ ಸುತ್ತಿಸಬಹುದು. ಮೋಟಾರು, ಸ್ಟೆಬಿಲೈಜರ್ ಸುತ್ತುವವರಿಗೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಎಂದರೆ ಅರ್ಥವಾಗದಿದ್ದರೂ ಸುತ್ತು, ತಂತಿಯ ನಂಬರು ಹೇಳಿದರೆ ಮಾಡಿಕೊಡುತ್ತಾರೆ. ಒಂಟಿ 6ವಿ6 ವಾಲ್ವಿಗೆ ಲೆಕ್ಕ ಹಾಕಿದರೆ ಹೀಗೆ ಬರುತ್ತದೆ: ನಡುಕಾಲು ಎರಡೂವರೆ ಸೆಂಟಿಮೀಟರ್ ಚೌಕದ, ಅಂದರೆ ಸುಮಾರು 6 ಚದರ ಸೆಂಟಿಮೀಟರ್ ಅಡ್ಡಕೊಯ್ತದ ಕೋರ್, ಪ್ರೈಮರಿಗೆ 36 ನಂಬರ್ ತಂತಿ 2500 ಸುತ್ತು, ಸೆಕೆಂಡರಿಗೆ 22 ನಂಬರ್ ತಂತಿ 100 ಸುತ್ತು. ಅಂತರಕ್ಕೆ ನೋಟ್‌ಬುಕ್ಕಿನ ಒಂದು ಹಾಳೆ ಸಾಕು. ಹಾಳೆಯ ದಪ್ಪ ಸುಮಾರು 0.1 ಮಿಲಿಮೀಟರ್, ಆದರೆ ಕಾಂತರೇಖೆ ನಡುಕಾಲಿನಲ್ಲಿ ಒಮ್ಮೆ, ಹೊರಕಾಲಿನಲ್ಲಿ ಒಮ್ಮೆ ಅದನ್ನು ದಾಟುವುದರಿಂದ ಒಟ್ಟು ಅಂತರ 0.2 ಮಿಲಿಮೀಟರ್. ಇಷ್ಟರಲ್ಲಿ ಇಂಡಕ್ಟನ್ಸ್ 20 ಹೆನ್ರಿಯ ಆಸುಪಾಸು ಬರುತ್ತದೆ. ಡಿಸಿ ಮತ್ತು ಏಸಿ ಸೇರಿ ಕೋರಿನ ಕಾಂತ ಸಾಂದ್ರತೆ ಒಂದು ಟೆಸ್ಲಾದ ಹತ್ತಿರ ನಿಲ್ಲುತ್ತದೆ, ಸಿಲಿಕಾನ್ ಸ್ಟೀಲ್ ತಗಡಿಗೆ ಅದು ಆರಾಮದ ಮಿತಿ. ಗಣಿತದಲ್ಲಿ ಆಸಕ್ತಿ ಇರುವವರು ಈ ಎರಡು ಅಂಕಿಗಳನ್ನು ತಾವೇ ಮಾಡಿ ನೋಡಬಹುದು, ಪಠ್ಯದ ಸೂತ್ರಗಳೇ ಸಾಕು.

ಸುತ್ತುವವರಿಗೆ ಇನ್ನೊಂದು ಮಾತು ಹೇಳಬೇಕು: ಪ್ರೈಮರಿಯನ್ನು ಎರಡು ಭಾಗ ಮಾಡಿ, ಮೊದಲು 1250 ಸುತ್ತು, ಮೇಲೆ ಪೂರ್ತಿ ಸೆಕೆಂಡರಿ, ಅದರ ಮೇಲೆ ಉಳಿದ 1250 ಸುತ್ತು ಅದೇ ದಿಕ್ಕಿನಲ್ಲಿ. ಹೀಗೆ ನಡುವೆ ಸೇರಿಸಿದರೆ ಎರಡು ಸುರುಳಿಗಳ ಕಾಂತ ಸಂಬಂಧ ಬಿಗಿಯಾಗಿ ತಾರ ಸ್ವರಗಳು ಮಂಕಾಗುವುದಿಲ್ಲ. ಪ್ರತಿ ಭಾಗದ ನಡುವೆ ಲೆದರಾಯ್ಡ್ ಅಥವಾ ಮೈಲಾರ್ ಹಾಳೆ ಎರಡು ಪದರ, ಕೊನೆಗೆ ವಾರ್ನಿಷ್. ಇಲ್ಲಿ ಕಂಜೂಸಿ ಬೇಡ.

ಮಸೀದಿಯ ಹಾರ್ನಿನ ಲೈನ್ ಟ್ರಾನ್ಸ್‌ಫಾರ್ಮರ್ ಬಳಸಬಹುದೇ ಎಂಬ ಪ್ರಶ್ನೆಯೂ ಬರುತ್ತದೆ. ಆಂಪ್ಲಿಫೈಯರ್ ಕೆಳಗೆ, ಹಾರ್ನ್ ಮಿನಾರಿನ ಮೇಲೆ, ನಡುವೆ ಉದ್ದನೆಯ ತಂತಿ. ತಂತಿಯಲ್ಲೇ ಶಕ್ತಿ ಸೋರದಿರಲೆಂದು ಹಲವೆಡೆ 100 ವೋಲ್ಟ್ ಲೈನಿನಲ್ಲಿ ಕಳಿಸಿ, ಹಾರ್ನಿನ ಬಳಿ ಇಳಿಸುತ್ತಾರೆ. 100ರ ವರ್ಗವನ್ನು ವ್ಯಾಟಿನಿಂದ ಭಾಗಿಸಿದರೆ ಆ ಟ್ಯಾಪಿನ ಓಂ ಸಿಗುತ್ತದೆ: 10 ವ್ಯಾಟ್ ಟ್ಯಾಪಿಗೆ 1000, 2 ವ್ಯಾಟ್ ಟ್ಯಾಪಿಗೆ 5000. ಓಂ ಸರಿಹೊಂದುತ್ತದೆ ನಿಜ. ಆದರೆ ಅದರಲ್ಲಿ ಕಾಗದದ ಅಂತರವಿಲ್ಲ, ಸುತ್ತಿದ್ದು 100 ವೋಲ್ಟಿಗೆ; ನಮ್ಮ ಪ್ರೈಮರಿಯಲ್ಲಿ 5 ವ್ಯಾಟಿಗೆ 158 ವೋಲ್ಟ್ ಏಸಿ ಇರುತ್ತದೆ. ಬೇಡ.

ಜೋಡಿ ವಾಲ್ವಿನ ಪುಶ್ ಪುಲ್ ಆಂಪಿನಲ್ಲಿ ಡಿಸಿ ತೊಂದರೆ ಇಲ್ಲ. ಸಪ್ಲೈ ಪ್ರೈಮರಿಯ ನಡುಬಿಂದುವಿಗೆ ಬಂದು ಎರಡು ದಿಕ್ಕಿಗೂ ಸಮನಾಗಿ ಹರಿಯುವುದರಿಂದ ಕಾಂತಕ್ಷೇತ್ರಗಳು ಒಂದನ್ನೊಂದು ಅಳಿಸುತ್ತವೆ, ಕಾಗದ ಬೇಕಿಲ್ಲ. ಅಲ್ಲಿ ಬೇರೆ ಗೊಂದಲವಿದೆ. ಎರಡು ಇಎಲ್84ಗೆ 8000 ಓಂ ಎಂದರೆ ಪ್ಲೇಟಿನಿಂದ ಪ್ಲೇಟಿಗೆ, ಪೂರ್ತಿ ಪ್ರೈಮರಿಗೆ. ಅರ್ಧ ಪ್ರೈಮರಿಯನ್ನು ಅಳೆದರೆ 4000 ಬರುವುದಿಲ್ಲ, 2000 ಬರುತ್ತದೆ, ಏಕೆಂದರೆ ಸುತ್ತು ಅರ್ಧವಾದರೆ ಓಂ ಕಾಲು ಭಾಗ. ಎರಡು ಅರ್ಧಗಳ ಡಿಸಿ ರೋಧ ಸ್ವಲ್ಪ ಹೆಚ್ಚುಕಡಿಮೆ ಇದ್ದರೆ ಗಾಬರಿ ಬೇಡ, ಹೊರಪದರದ ಸುತ್ತಿಗೆ ಹೆಚ್ಚು ತಂತಿ ಹಿಡಿಯುತ್ತದೆ ಅಷ್ಟೇ.

ತಂತಿ ಜೋಡಿಸುವಾಗ

ಪ್ರೈಮರಿಯ ಒಂದು ತುದಿ ಪ್ಲೇಟಿಗೆ, ಇನ್ನೊಂದು ಸಪ್ಲೈಗೆ. ಸೆಕೆಂಡರಿಯ ಒಂದು ತುದಿ ಸ್ಪೀಕರ್ ಜ್ಯಾಕಿಗೆ, ಇನ್ನೊಂದು ಕಡ್ಡಾಯವಾಗಿ ಚಾಸಿಗೆ, ಅಂದರೆ ಭೂಮಿಗೆ. ಈ ಕೊನೆಯದನ್ನು ಕೆಲವರು ಬಿಡುತ್ತಾರೆ, ಬಿಟ್ಟರೂ ಆಂಪ್ ಹಾಡುತ್ತದೆ. ಆದರೆ ಒಳಗಿನ ಇನ್ಸುಲೇಶನ್ ಎಂದಾದರೂ ಒಡೆದರೆ ಸ್ಪೀಕರಿನ ತಂತಿಗೆ 300 ವೋಲ್ಟ್ ಬರುತ್ತದೆ. ಭೂಮಿಗೆ ಕಟ್ಟಿದ್ದರೆ ಫ್ಯೂಸ್ ಹೋಗುತ್ತದೆ, ಮನುಷ್ಯ ಉಳಿಯುತ್ತಾನೆ.

ಪ್ಲೇಟಿನ ತಂತಿ ಗಿಡ್ಡವಾಗಿರಲಿ, ಗಿಟಾರ್ ಬರುವ ಮೊದಲ ವಾಲ್ವಿನಿಂದ ದೂರವಿರಲಿ. ಔಟ್‌ಪುಟ್ ಟ್ರಾನ್ಸ್‌ಫಾರ್ಮರನ್ನು ಮೇನ್ಸ್ ಟ್ರಾನ್ಸ್‌ಫಾರ್ಮರಿನ ಪಕ್ಕದಲ್ಲಿ ಸಮಾನಾಂತರವಾಗಿ ಕೂರಿಸಿದರೆ 50 ಹರ್ಟ್ಸ್ ಗುಂಯ್‌ಗುಡುತ್ತದೆ. ಒಂದರ ಸುರುಳಿ ಇನ್ನೊಂದಕ್ಕೆ ಲಂಬವಾಗಿರಲಿ. ತೂತು ಕೊರೆಯುವ ಮೊದಲು ಸೆಕೆಂಡರಿಗೆ ಹೆಡ್‌ಫೋನ್ ಕಟ್ಟಿ, ಮೇನ್ಸ್ ಟ್ರಾನ್ಸ್‌ಫಾರ್ಮರಿಗೆ ಮಾತ್ರ ಕರೆಂಟ್ ಕೊಟ್ಟು, ಔಟ್‌ಪುಟ್ ಟ್ರಾನ್ಸ್‌ಫಾರ್ಮರನ್ನು ತಿರುಗಿಸುತ್ತ ಹೋದರೆ ಒಂದು ಕೋನದಲ್ಲಿ ಸದ್ದು ಹೆಚ್ಚುಕಡಿಮೆ ಮಾಯವಾಗುತ್ತದೆ. ಅಲ್ಲಿ ಪೆನ್ಸಿಲಿನಿಂದ ಗುರುತು ಹಾಕಿ. ಹಳೆಯ ಕಾಲದ ಈ ಉಪಾಯ ಯಾವ ಸೂತ್ರಕ್ಕಿಂತಲೂ ಚೆನ್ನಾಗಿ ಕೆಲಸ ಮಾಡುತ್ತದೆ.

ಚಾಂಪ್ 5ಎಫ್1 ನಕ್ಷೆಯಲ್ಲಿ ಸ್ಪೀಕರಿನಿಂದ ಹಿಂದಕ್ಕೆ, ಎರಡನೇ ಹಂತದ ಕ್ಯಾಥೋಡಿಗೆ 22,000 ಓಂ ರೆಸಿಸ್ಟರ್ ಮೂಲಕ ನೆಗೆಟಿವ್ ಫೀಡ್‌ಬ್ಯಾಕ್ ಹೋಗುತ್ತದೆ. ಸುರುಳಿಯ ದಿಕ್ಕು ತಲೆಕೆಳಗಾಗಿದ್ದರೆ ಅದು ಪಾಸಿಟಿವ್ ಆಗಿ ಆಂಪ್ ಊಳಿಡುತ್ತದೆ. ಹಾಗಾಗಿ ಮೊದಲ ಬಾರಿ ಆ ರೆಸಿಸ್ಟರನ್ನು ಕಟ್ಟಬೇಡಿ. ಆಂಪ್ ಸರಿಯಾಗಿ ಕೆಲಸ ಮಾಡಿದ ಮೇಲೆ ಆಫ್ ಮಾಡಿ ಕಟ್ಟಿ. ದನಿ ತುಸು ಇಳಿದರೆ ಸರಿ. ಏರಿದರೆ, ಕೂಗಿದರೆ ಕೂಡಲೇ ಆಫ್ ಮಾಡಿ ಸೆಕೆಂಡರಿಯ ಎರಡು ತುದಿಗಳನ್ನು ಅದಲುಬದಲು ಮಾಡಿ.

ಸ್ಪೀಕರ್ ಇಲ್ಲದೆ ಆನ್ ಮಾಡಬೇಡಿ

ಟ್ರಾನ್ಸಿಸ್ಟರ್ ಆಂಪಿನಲ್ಲಿ ಸ್ಪೀಕರ್ ಕಳಚಿದ್ದರೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ, ತಂತಿ ತಗುಲಿ ಶಾರ್ಟ್ ಆದರೆ ಸುಡುತ್ತದೆ. ವಾಲ್ವ್ ಆಂಪಿನಲ್ಲಿ ಇದು ಉಲ್ಟಾ. ಸ್ಪೀಕರ್ ಇಲ್ಲವೆಂದರೆ ಸೆಕೆಂಡರಿಯಲ್ಲಿ ಓಂ ಅಪರಿಮಿತ, ವಾಲ್ವಿಗೂ ಹಾಗೇ ಕಾಣುತ್ತದೆ. ಕರೆಂಟ್ ಬದಲಾದಾಗ ಕೋರಿನಲ್ಲಿ ಕೂಡಿಟ್ಟ ಶಕ್ತಿಗೆ ಹೋಗಲು ದಾರಿ ಇಲ್ಲದೆ ಪ್ರೈಮರಿಯಲ್ಲಿ ಸಾವಿರಾರು ವೋಲ್ಟ್ ಏಳಬಹುದು. ಸುರುಳಿಯ ಎನಾಮಲ್ ಒಡೆಯುತ್ತದೆ, ಅಥವಾ ವಾಲ್ವಿನ ಸಾಕೆಟ್ಟಿನಲ್ಲಿ ಕಿಡಿ ಹಾರಿ ಕರಿ ಗೆರೆ ಉಳಿಯುತ್ತದೆ. ಫೆಂಡರಿನ ಅನೇಕ ಆಂಪ್‌ಗಳಲ್ಲಿ ಪ್ಲಗ್ ಕಿತ್ತ ಕೂಡಲೇ ಸೆಕೆಂಡರಿಯನ್ನು ಶಾರ್ಟ್ ಮಾಡುವ ಜ್ಯಾಕ್ ಇರುವುದು ಇದಕ್ಕೇ. ಸರಿಯಾದ ಓಂ ಸ್ಪೀಕರ್ ಸಿಗದೆ, 4 ಅಥವಾ 16ರಲ್ಲಿ ಒಂದನ್ನು 8ರ ಬದಲು ಕಟ್ಟಲೇಬೇಕಾದರೆ ನನ್ನ ಆಯ್ಕೆ 4. ವಾಲ್ವ್ ತುಸು ಹೆಚ್ಚು ದುಡಿಯುತ್ತದೆ, ಆದರೆ ವಾಲ್ವ್ ಬದಲಾಯಿಸುವುದು ಟ್ರಾನ್ಸ್‌ಫಾರ್ಮರ್ ಬದಲಾಯಿಸುವುದಕ್ಕಿಂತ ಸುಲಭ.

ಇದೇ ರೀತಿ ಪ್ರೈಮರಿ ಒಳಗೆಲ್ಲೋ ತುಂಡಾಗಿ ಪ್ಲೇಟಿಗೆ ವೋಲ್ಟೇಜ್ ಹೋಗದಿದ್ದರೆ, ವಾಲ್ವಿನ ಕರೆಂಟೆಲ್ಲ ಸ್ಕ್ರೀನ್ ಗ್ರಿಡ್ ಮೇಲೆ ಬೀಳುತ್ತದೆ. ಅದು ಕೆಂಪಗೆ ಕಾದು ಕ್ಷಣಗಳಲ್ಲಿ ವಾಲ್ವ್ ಮುಗಿಯುತ್ತದೆ. ಆನ್ ಮಾಡುವ ಮೊದಲು ಪ್ರೈಮರಿಯ ರೋಧ ಮತ್ತೊಮ್ಮೆ ನೋಡಿ.

ಕಾಲೇಜಿನಲ್ಲಿ ನಾವು ಮುಟ್ಟುವ 9 ವೋಲ್ಟ್ ಬ್ಯಾಟರಿಯ ಸರ್ಕ್ಯೂಟ್ ಇದಲ್ಲ. 300 ವೋಲ್ಟ್ ಡಿಸಿ ಕೊಲ್ಲುತ್ತದೆ. ಪ್ಲಗ್ ಕಿತ್ತ ಮೇಲೂ ಫಿಲ್ಟರ್ ಕೆಪ್ಯಾಸಿಟರ್‌ಗಳಲ್ಲಿ ಅದು ಉಳಿದಿರುತ್ತದೆ. 10,000 ಓಂ, 5 ವ್ಯಾಟ್ ರೆಸಿಸ್ಟರಿಗೆ ಇನ್ಸುಲೇಟೆಡ್ ಕ್ಲಿಪ್ ಹಾಕಿ ಕೆಪ್ಯಾಸಿಟರನ್ನು ಖಾಲಿ ಮಾಡಿ, ಮೀಟರಿನಲ್ಲಿ ಸೊನ್ನೆ ಕಂಡ ಮೇಲೆ ಮಾತ್ರ ಕೈ ಹಾಕಿ. ಮೂರು ಪಿನ್ನಿನ ಪ್ಲಗ್, ಅರ್ತ್ ತಂತಿ ಚಾಸಿಗೆ ಗಟ್ಟಿಯಾಗಿ ಬೋಲ್ಟ್ ಮಾಡಿರಬೇಕು. ಹಳೆಯ ರೇಡಿಯೋಗಳಲ್ಲಿ ಕೆಲವು ಏಸಿ ಡಿಸಿ ಸೆಟ್‌ಗಳು. ಅವುಗಳಲ್ಲಿ ಮೇನ್ಸ್ ಟ್ರಾನ್ಸ್‌ಫಾರ್ಮರೇ ಇರುವುದಿಲ್ಲ, ಚಾಸಿ ನೇರವಾಗಿ ಗೋಡೆಯ ಕರೆಂಟಿಗೆ ತಗುಲಿಕೊಂಡಿರುತ್ತದೆ. ವಾಲ್ವ್‌ಗಳ ಹೆಸರು ಯುಎಲ್, ಯುವೈ ಎಂದು ಶುರುವಾಗುತ್ತಿದ್ದರೆ ಅದು ಆ ಜಾತಿ. ಅಂಥದ್ದನ್ನು ಗಿಟಾರ್ ಆಂಪ್ ಮಾಡಲು ಹೋಗಬೇಡಿ, ಗಿಟಾರಿನ ಲೋಹದ ತಂತಿಗಳೇ ಕರೆಂಟಿಗೆ ತಗುಲುತ್ತವೆ. ಅದರಿಂದ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಮಾತ್ರ ಬಿಚ್ಚಿಕೊಳ್ಳಬಹುದು, ಅದೂ ಪ್ಲಗ್ ಕಿತ್ತು, ಕೆಪ್ಯಾಸಿಟರ್ ಖಾಲಿ ಮಾಡಿದ ಮೇಲೆ. ಪಿಯು ವಿದ್ಯಾರ್ಥಿಗಳು ಇದನ್ನು ಮನೆಯಲ್ಲಿ ಒಬ್ಬರೇ ಕೂತು ಮಾಡಕೂಡದು. ಭೌತಶಾಸ್ತ್ರದ ಉಪನ್ಯಾಸಕರೋ, ರೇಡಿಯೋ ರಿಪೇರಿ ಬಲ್ಲ ಹಿರಿಯರೋ ಪಕ್ಕದಲ್ಲಿರಬೇಕು.

ಮೊದಲ ಬಾರಿ ಆನ್ ಮಾಡುವಾಗ ರಿಪೇರಿ ಅಂಗಡಿಗಳಲ್ಲಿರುವಂಥ ಸೀರೀಸ್ ಬೋರ್ಡ್ ಬಳಸಿ, 60 ವ್ಯಾಟಿನ ಹಳೆಯ ಫಿಲಮೆಂಟ್ ಬಲ್ಬಿನ ಮೂಲಕ ಆಂಪಿಗೆ ಕರೆಂಟ್ ಕೊಡಿ; ಎಲ್‌ಇಡಿ ಬಲ್ಬ್ ಈ ಕೆಲಸಕ್ಕೆ ಬರುವುದಿಲ್ಲ. ಸ್ಪೀಕರಿನ ಜಾಗದಲ್ಲಿ 8.2 ಓಂ, 10 ವ್ಯಾಟಿನ ಸಿಮೆಂಟ್ ರೆಸಿಸ್ಟರ್ ಇರಲಿ. ಬಲ್ಬ್ ಒಮ್ಮೆ ಬೆಳಗಿ ಮಂದವಾದರೆ ಸರಿ, ಪೂರ್ತಿ ಉರಿಯುತ್ತಲೇ ಇದ್ದರೆ ಎಲ್ಲೋ ಶಾರ್ಟ್ ಇದೆ. ಬಲ್ಬ್ ತೆಗೆದು ನೇರ ಕರೆಂಟ್ ಕೊಟ್ಟ ಮೇಲೆ, ಗಿಟಾರಿನ ಬದಲು ಲ್ಯಾಬಿನ ಸಿಗ್ನಲ್ ಜನರೇಟರಿನಿಂದ 400 ಹರ್ಟ್ಸ್ ಸಿಗ್ನಲ್ ಕೊಟ್ಟು ದನಿ ನಿಧಾನವಾಗಿ ಏರಿಸುತ್ತ, ರೆಸಿಸ್ಟರಿನ ಎರಡು ತುದಿಯ ಏಸಿ ವೋಲ್ಟೇಜ್ ನೋಡಿ. ಅಲೆ ಚಪ್ಪಟೆಯಾಗಲು ಶುರುವಾಗುವ ಹೊತ್ತಿಗೆ ಮೀಟರ್ 6 ವೋಲ್ಟಿನ ಆಸುಪಾಸು ತೋರಿಸಿದರೆ, ರೆಸಿಸ್ಟರ್ ಕಳಚಿ ಸ್ಪೀಕರ್ ಕಟ್ಟಬಹುದು, ಆಂಪ್ ಆಫ್ ಮಾಡಿದ ಮೇಲೆ.